ಕೆರೆ–ತಲಪರಿಗೆಗಳ ಆರೋಗ್ಯ ಮತ್ತು ಉಪಗ್ರಹ ಚಿತ್ರಗಳು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸಂದರ್ಭ

ಪೀಠಿಕೆ

ಜಲಮೂಲಗಳ ಸ್ಥಿತಿಗತಿಯನ್ನು ಬಾಹ್ಯಾಕಾಶದಿಂದ ಅವಲೋಕಿಸುವ ವಿಧಾನವು ಕಳೆದ ಐದು ದಶಕಗಳಲ್ಲಿ ಗಣನೀಯವಾಗಿ ಬೆಳೆದಿದೆ. 1972ರ ಜುಲೈ ತಿಂಗಳಿನಲ್ಲಿ ಅಮೆರಿಕವು ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. 1988ರ ಮಾರ್ಚ್ 17ರಂದು ಭಾರತದ ಮೊದಲ ಕಾರ್ಯಾಚರಣಾ ಮಟ್ಟದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಕಕ್ಷೆಯನ್ನು ಸೇರಿತು. ಅಂದಿನಿಂದ ಸಾಗರಗಳ ಹವಳದ ದಿಬ್ಬಗಳಿಂದ ಹಿಡಿದು ಬಯಲುಸೀಮೆಯ ಕೆರೆಕುಂಟೆಗಳವರೆಗೆ, ಮನುಷ್ಯನು ನಿತ್ಯವೂ ಹೋಗಿ ನೋಡಲಾಗದ ನೀರಿನ ನೆಲೆಗಳನ್ನು ಕಾಲಕಾಲಕ್ಕೆ ಪರಿಶೀಲಿಸಲು ಈ ಚಿತ್ರಗಳು ಒದಗಿಬಂದಿವೆ.

ತುಮಕೂರು ಜಿಲ್ಲೆಯ ಉತ್ತರ ಮತ್ತು ಈಶಾನ್ಯ ಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳು ಬರಗಾಲಕ್ಕೆ ಪದೇ ಪದೇ ತುತ್ತಾಗುವ ಪ್ರದೇಶಗಳು. ವರ್ಷವಿಡೀ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಬಿದ್ದ ಮಳೆಯನ್ನು ಕೆರೆಯಲ್ಲಿ ನಿಲ್ಲಿಸಿ, ನೆಲದೊಳಗೆ ಇಂಗಿಸಿ, ತಲಪರಿಗೆಯಾಗಿ ಒಸರಿದಾಗ ಮತ್ತೆ ಬಳಸುವುದೇ ಇಲ್ಲಿನ ಜನರು ತಲೆಮಾರುಗಳಿಂದ ಕಂಡುಕೊಂಡ ದಾರಿ. ಈ ವ್ಯವಸ್ಥೆಯ ಆರೋಗ್ಯವನ್ನು ಉಪಗ್ರಹ ಚಿತ್ರಗಳಿಂದ ಎಷ್ಟರಮಟ್ಟಿಗೆ ಅರಿಯಬಹುದು, ಯಾವುದನ್ನು ಅರಿಯಲಾಗದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ. ಯಾವ ಕೆರೆಯ ಹೂಳೆತ್ತಬೇಕು, ಯಾವ ಕೆರೆಗೆ ಕಾಲುವೆಯ ನೀರು ಹರಿಸಬೇಕು ಎಂಬ ತೀರ್ಮಾನಗಳು ಇಂದು ಹೆಚ್ಚು ಹೆಚ್ಚಾಗಿ ನಕ್ಷೆಗಳನ್ನು ಆಧರಿಸಿಯೇ ಆಗುತ್ತಿವೆ. ಆದುದರಿಂದ ಈ ನಕ್ಷೆಗಳನ್ನು ಓದುವ ಬಗೆಯನ್ನು ತಜ್ಞರಷ್ಟೇ ಅಲ್ಲದೆ ಆಯಾ ಊರಿನವರೂ ತಿಳಿದಿರುವುದು ಅವಶ್ಯಕ.

ಪ್ರದೇಶದ ನೆಲ ಮತ್ತು ನೀರು

ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲಾಪಟ್ಟಿಯು ರಾಮನಗರದ ಕಡೆಯಿಂದ ಉತ್ತರಾಭಿಮುಖವಾಗಿ ಈ ಪ್ರದೇಶದ ಮೂಲಕ ಹಾದುಹೋಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡದ ದುರ್ಗ ಇವೆಲ್ಲವೂ ಇಲ್ಲಿನ ಬಂಡೆಬೆಟ್ಟಗಳ ಸಾಲಿಗೆ ಸೇರಿದವು. ಬರಿಯ ಬಂಡೆಯ ಮೇಲೆ ಬಿದ್ದ ಮಳೆಯು ಇಂಗದೆ ಬೇಗನೆ ಹರಿದು ಬೆಟ್ಟದ ಬುಡವನ್ನು ಸೇರುತ್ತದೆ. ಆ ಬುಡದಲ್ಲಿಯೇ ನಮ್ಮ ಹಿರಿಯರು ಏರಿಗಳನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹರಿಯುವಂತೆ ಹಳ್ಳಗಳ ಉದ್ದಕ್ಕೂ ಕೆರೆಗಳ ಸರಪಳಿಗಳು ನಿರ್ಮಾಣಗೊಂಡವು.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಮೂಲಕ ಸಾಗಿ ಆಂಧ್ರಪ್ರದೇಶದಲ್ಲಿ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಉತ್ತರ ಪಿನಾಕಿನಿಯು ಮುಂದೆ ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಬಳಿ ಹಾದುಹೋಗುತ್ತದೆ. ಶಿರಾ ಭಾಗದ ನೀರು ಸುವರ್ಣಮುಖಿ ಮೊದಲಾದ ಹಳ್ಳಹೊಳೆಗಳ ಮೂಲಕ ವೇದಾವತಿಯತ್ತ ಹರಿಯುತ್ತದೆ. ಹೀಗೆ ನೆರೆಹೊರೆಯ ತಾಲ್ಲೂಕುಗಳಾದರೂ ಇವು ಪಿನಾಕಿನಿ ಮತ್ತು ಕೃಷ್ಣಾ ಎಂಬ ಎರಡು ಬೇರೆ ಬೇರೆ ಕಣಿವೆಗಳಿಗೆ ಸೇರಿವೆ. ಮುಂಗಾರು ಇಲ್ಲಿ ದುರ್ಬಲ. ಕೆರೆಗಳು ತುಂಬುವುದಾದರೆ ಬಹುಮಟ್ಟಿಗೆ ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಮಳೆಯಲ್ಲಿ.

ಈ ನಾಲ್ಕೂ ತಾಲ್ಲೂಕುಗಳ ವೈಶಿಷ್ಟ್ಯವೆಂದರೆ ತಲಪರಿಗೆ. ಮರಳು ಮಿಶ್ರಿತ ನೆಲದಲ್ಲಿ, ಅನೇಕ ಕಡೆ ಕೆರೆಯ ಅಂಗಳದಲ್ಲಿ ಅಥವಾ ಏರಿಯ ಕೆಳಗೆ, ತಾನಾಗಿ ಒಸರುವ ನೀರಿನ ಸೆಲೆಗೆ ಈ ಹೆಸರು. ಸೆಲೆಯ ಸುತ್ತ ಕಲ್ಲು ಕಟ್ಟಿ, ನೀರನ್ನು ಸಣ್ಣ ಕಟ್ಟೆಯಲ್ಲಿ ಸಂಗ್ರಹಿಸಿ, ಕಾಲುವೆಯ ಮೂಲಕ ಸರದಿಯಂತೆ ಹೊಲಗದ್ದೆಗಳಿಗೆ ಹಾಯಿಸುತ್ತಿದ್ದರು. ನೀರು ಹಂಚುವ ಹೊಣೆ ನೀರುಗಂಟಿಯದು. ಕಾಲುವೆಯ ಹೂಳು ತೆಗೆಯುವ ಹೊಣೆ ಅಚ್ಚುಕಟ್ಟಿನವರೆಲ್ಲರದು. ಈ ತಲಪರಿಗೆಗಳನ್ನು ಕುರಿತು ಲೇಖಕ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಕ್ಷೇತ್ರಕಾರ್ಯ ನಡೆಸಿ ಬರೆದಿದ್ದಾರೆ. ಕೊಳವೆಬಾವಿಗಳು ಹೆಚ್ಚಿ ಅಂತರ್ಜಲದ ಮಟ್ಟ ಕುಸಿದಂತೆ, ಮರಳು ತೆಗೆದ ಕಡೆಗಳಲ್ಲಿ ನೆಲದ ಹಿಡಿದಿಡುವ ಶಕ್ತಿ ಕುಂದಿದಂತೆ, ಅನೇಕ ತಲಪರಿಗೆಗಳು ಬತ್ತಿಹೋಗಿವೆ. ಪಾವಗಡ ಭಾಗದಲ್ಲಿ ಆಳದ ಕೊಳವೆಬಾವಿಗಳ ನೀರಿನಲ್ಲಿರುವ ಅಧಿಕ ಫ್ಲೋರೈಡ್ ಅಂಶವು ಹಲ್ಲು ಮತ್ತು ಮೂಳೆಗಳ ಕಾಯಿಲೆಗೆ ಕಾರಣವಾಗಿದೆ. ಆದ್ದರಿಂದ ಮೇಲ್ಪದರದ ನೀರಿನ ಅಳಿವು ಬೆಳೆಯ ಪ್ರಶ್ನೆ ಮಾತ್ರವಲ್ಲ, ಕುಡಿಯುವ ನೀರಿನ ಪ್ರಶ್ನೆಯೂ ಆಗಿದೆ.

ಉಪಗ್ರಹವು ನೀರನ್ನು ಗುರುತಿಸುವ ಬಗೆ

ಉಪಗ್ರಹದಲ್ಲಿರುವ ಸಂವೇದಿಯು ನೆಲದಿಂದ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಬೇರೆ ಬೇರೆ ಪಟ್ಟಿಗಳಾಗಿ ವಿಂಗಡಿಸಿ ಅಳೆಯುತ್ತದೆ. ನಮ್ಮ ಕಣ್ಣಿಗೆ ಕಾಣುವ ನೀಲಿ, ಹಸಿರು, ಕೆಂಪು ಪಟ್ಟಿಗಳಲ್ಲದೆ ಕಣ್ಣಿಗೆ ಕಾಣದ ಅವಗೆಂಪು ಪಟ್ಟಿಯನ್ನೂ ಅದು ದಾಖಲಿಸುತ್ತದೆ. ತಿಳಿನೀರು ಹಸಿರು ಬೆಳಕನ್ನು ಸ್ವಲ್ಪಮಟ್ಟಿಗೆ ಹಿಂದಿರುಗಿಸಿ, ಅವಗೆಂಪು ಬೆಳಕನ್ನು ಬಹುಪಾಲು ಹೀರಿಕೊಳ್ಳುತ್ತದೆ. ಒಣಮಣ್ಣು ಮತ್ತು ಹಸಿರೆಲೆಗಳು ಅವಗೆಂಪು ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸುತ್ತವೆ. ಈ ಭೇದವೇ ಗುರುತಿನ ಆಧಾರ.

ಹಸಿರು ಪಟ್ಟಿಯ ಬೆಲೆಯಿಂದ ಅವಗೆಂಪು ಪಟ್ಟಿಯ ಬೆಲೆಯನ್ನು ಕಳೆದು, ಬಂದ ಶೇಷವನ್ನು ಆ ಎರಡರ ಮೊತ್ತದಿಂದ ಭಾಗಿಸಿದರೆ ನೀರಿನ ಸೂಚ್ಯಂಕ ದೊರೆಯುತ್ತದೆ. ಈ ಸೂತ್ರವನ್ನು 1996ರಲ್ಲಿ ಮೆಕ್‌ಫೀಟರ್ಸ್ ಎಂಬ ವಿಜ್ಞಾನಿ ಪ್ರಕಟಿಸಿದರು. ಉದಾಹರಣೆಗೆ, ಒಂದು ಸ್ಥಳವು ಹಸಿರು ಬೆಳಕಿನ ಶೇ. 6 ಭಾಗವನ್ನೂ ಅವಗೆಂಪಿನ ಶೇ. 2 ಭಾಗವನ್ನೂ ಹಿಂದಿರುಗಿಸಿದರೆ ಸೂಚ್ಯಂಕವು 0.5 ಆಗುತ್ತದೆ, ಅದು ನೀರು. ಇನ್ನೊಂದು ಸ್ಥಳವು ಕ್ರಮವಾಗಿ ಶೇ. 12 ಮತ್ತು ಶೇ. 28 ಭಾಗಗಳನ್ನು ಹಿಂದಿರುಗಿಸಿದರೆ ಸೂಚ್ಯಂಕವು ಸೊನ್ನೆಗಿಂತ ಕೆಳಗೆ, ಅಂದರೆ ಋಣ 0.4ಕ್ಕೆ ಇಳಿಯುತ್ತದೆ, ಅದು ಒಣನೆಲ. ಕೆಂಪು ಮತ್ತು ಅವಗೆಂಪು ಪಟ್ಟಿಗಳನ್ನು ಇದೇ ರೀತಿ ಹೋಲಿಸಿದಾಗ ಸಸ್ಯ ಸೂಚ್ಯಂಕ ಸಿಗುತ್ತದೆ.

ಚಿತ್ರವು ಎಷ್ಟು ಸೂಕ್ಷ್ಮವಾಗಿದೆ ಎಂಬುದು ಅದರ ಒಂದೊಂದು ಚೌಕವು ನೆಲದ ಮೇಲೆ ಎಷ್ಟು ಜಾಗವನ್ನು ಆವರಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಇದನ್ನು ನಮ್ಮ ರೈತರ ಅಳತೆಗೆ ತಂದುಕೊಂಡರೆ ಅರ್ಥವಾಗುವುದು ಸುಲಭ. ಐಆರ್‌ಎಸ್-1ಎ ಉಪಗ್ರಹದ ಲಿಸ್-1 ಕ್ಯಾಮೆರಾದ ಒಂದು ಚೌಕದ ಬದಿ 72.5 ಮೀಟರ್, ಅಂದರೆ ಸುಮಾರು ಒಂದು ಎಕರೆ ಹನ್ನೆರಡು ಗುಂಟೆ. 1995ರ ಡಿಸೆಂಬರ್‌ನಲ್ಲಿ ಹಾರಿದ ಐಆರ್‌ಎಸ್-1ಸಿ ಉಪಗ್ರಹದ ಲಿಸ್-3 ಕ್ಯಾಮೆರಾದಲ್ಲಿ ಅದು 23.5 ಮೀಟರಿಗೆ, ಎಂದರೆ ಐದೂವರೆ ಗುಂಟೆಗೆ ಇಳಿಯಿತು. ಇಂದಿನ ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚೌಕವು ಸುಮಾರು ಒಂಬತ್ತು ಗುಂಟೆ. 2015 ಮತ್ತು 2017ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯು ಹಾರಿಸಿದ ಸೆಂಟಿನೆಲ್-2 ಜೋಡಿಯ 10 ಮೀಟರ್ ಚೌಕವು ಸರಿಸುಮಾರು ಒಂದೇ ಗುಂಟೆ. ಈ ಜೋಡಿಯು ಒಂದೇ ಸ್ಥಳವನ್ನು ಐದು ದಿನಗಳಿಗೊಮ್ಮೆ ನೋಡುವಂತೆ ರೂಪಿತವಾಗಿದೆ. 2008ರಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಭಂಡಾರವು ಉಚಿತವಾಗಿ ತೆರೆದುಕೊಂಡ ಮೇಲೆ ಹಳೆಯ ದಶಕಗಳ ಹೋಲಿಕೆಯೂ ಸಾಧ್ಯವಾಯಿತು.

ಕೆರೆಯ ಆರೋಗ್ಯದ ಲಕ್ಷಣಗಳು

ಮೊದಲನೆಯದು, ನೀರಿನ ಹರವು ಮತ್ತು ನಿಲುವಿನ ಅವಧಿ. ಒಂದು ದಿನದ ಚಿತ್ರವು ಕೆರೆಯ ಆರೋಗ್ಯವನ್ನು ಹೇಳುವುದಿಲ್ಲ. ನವೆಂಬರಿನಲ್ಲಿ ತುಂಬಿದ ಕೆರೆಯು ಯಾವ ತಿಂಗಳಿನವರೆಗೆ ನೀರನ್ನು ಹಿಡಿದಿತ್ತು ಎಂಬುದೇ ಮುಖ್ಯ. 2021 ಮತ್ತು 2022ರಲ್ಲಿ ಈ ಭಾಗದಲ್ಲಿ ಭಾರಿ ಮಳೆಯಾಯಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಹೀಗೆ ಬೆನ್ನುಬೆನ್ನಿಗೆ ಬಂದ ತುಂಬಿದ ವರ್ಷ ಮತ್ತು ಬರಗಾಲದ ವರ್ಷಗಳ ಚಿತ್ರಗಳನ್ನು ಜೋಡಿಸಿ ನೋಡುವುದು ಕೆರೆಯ ಪರೀಕ್ಷೆಗೆ ಅತ್ಯಂತ ಸೂಕ್ತ. ಒಂದೇ ಸರಪಳಿಯ ಎರಡು ಕೆರೆಗಳಲ್ಲಿ ಒಂದು ತುಂಬಿ ಇನ್ನೊಂದು ತುಂಬದಿದ್ದರೆ, ಅವುಗಳ ನಡುವಣ ಹಳ್ಳ ಅಥವಾ ಕಾಲುವೆ ಮುಚ್ಚಿಹೋಗಿದೆಯೇ ಎಂದು ಹೋಗಿ ನೋಡಬೇಕಾಗುತ್ತದೆ.

ಈ ಅವಧಿಯನ್ನು ಅವಲಂಬಿಸಿರುವುದು ಮನುಷ್ಯರು ಮಾತ್ರವಲ್ಲ. ಶಿರಾ ಸಮೀಪದ ಕಗ್ಗಲಡು ಗ್ರಾಮದ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡುಕಟ್ಟಿ ಮರಿಮಾಡುತ್ತವೆ. ಮರಿಗಳು ಬೆಳೆಯುವ ತಿಂಗಳುಗಳಲ್ಲಿ ಸುತ್ತಲಿನ ಕೆರೆಗಳಲ್ಲಿ ಮೀನುಳ್ಳ ತೆಳುನೀರು ಇರಲೇಬೇಕು. ಊರಿನವರು ಮರಗಳನ್ನು ಎಷ್ಟೇ ಅಕ್ಕರೆಯಿಂದ ಕಾಯ್ದರೂ ಸುತ್ತಲಿನ ಕೆರೆಗಳು ಬತ್ತಿದ ವರ್ಷ ಹಕ್ಕಿಗಳಿಗೆ ಅಲ್ಲಿ ಆಹಾರವಿಲ್ಲ.

ಎರಡನೆಯದು, ಹೂಳು. ಮೇಲಿನಿಂದ ನೋಡುವ ಉಪಗ್ರಹಕ್ಕೆ ನೀರಿನ ಆಳ ಕಾಣುವುದಿಲ್ಲ. ಆದರೂ ಆಳವನ್ನು ಪರೋಕ್ಷವಾಗಿ ಅರಿಯುವ ಉಪಾಯವಿದೆ. ಕೆರೆಯ ನೀರು ಇಳಿಯುತ್ತ ಹೋದಂತೆ ಅದರ ಅಂಚು ಒಂದೊಂದು ಚಿತ್ರದಲ್ಲಿ ಒಂದೊಂದು ಎತ್ತರದ ರೇಖೆಯನ್ನು ಬರೆಯುತ್ತದೆ. ಅದೇ ದಿನಗಳಲ್ಲಿ ತೂಬಿನ ಬಳಿಯ ಅಳತೆಗಂಬದಲ್ಲಿ ನೀರಿನ ಮಟ್ಟವನ್ನು ಬರೆದಿಟ್ಟಿದ್ದರೆ ಎರಡು ಮಟ್ಟಗಳ ನಡುವಣ ನೀರಿನ ಪ್ರಮಾಣವನ್ನು ಲೆಕ್ಕಹಾಕಬಹುದು. ಒಂದು ಕೆರೆಯ ಹರವು 40 ಹೆಕ್ಟೇರಿನಿಂದ 25 ಹೆಕ್ಟೇರಿಗೆ ಇಳಿಯುವಷ್ಟರಲ್ಲಿ ಮಟ್ಟವು ಒಂದು ಮೀಟರ್ ತಗ್ಗಿತು ಎಂದಿಟ್ಟುಕೊಳ್ಳೋಣ. ಎರಡು ಹರವುಗಳನ್ನೂ ಅವುಗಳ ಗುಣಲಬ್ಧದ ವರ್ಗಮೂಲವನ್ನೂ ಕೂಡಿಸಿ, ಮಟ್ಟದ ಇಳಿತದಿಂದ ಗುಣಿಸಿ, ಮೂರರಿಂದ ಭಾಗಿಸಿದರೆ ಸುಮಾರು 3 ಲಕ್ಷ 22 ಸಾವಿರ ಘನ ಮೀಟರ್ ಬರುತ್ತದೆ. ಕೆರೆ ಕಟ್ಟಿದಾಗಿನ ಅಥವಾ ಹಿಂದಿನ ಮೋಜಣಿಯ ಲೆಕ್ಕದಲ್ಲಿ ಅದೇ ಎರಡು ಮಟ್ಟಗಳ ನಡುವೆ ಇದಕ್ಕಿಂತ ಹೆಚ್ಚು ನೀರು ಹಿಡಿಯುತ್ತಿದ್ದರೆ, ಆ ವ್ಯತ್ಯಾಸವೇ ಹೂಳು. ದೊಡ್ಡ ಜಲಾಶಯಗಳ ಹೂಳನ್ನು ಅಂದಾಜು ಮಾಡಲು ನಮ್ಮ ದೇಶದಲ್ಲಿ ಈ ಕ್ರಮವು ರೂಢಿಯಲ್ಲಿದೆ. ಹಳ್ಳಿಯ ಕೆರೆಗೂ ಇದು ಸಲ್ಲುತ್ತದೆ; ಕೊರತೆಯಿರುವುದು ಅಳತೆಗಂಬ ಮತ್ತು ಅದನ್ನು ನೋಡಿ ಬರೆದಿಡುವ ಕೈ.

ಮೂರನೆಯದು, ನೀರಿನ ಬಣ್ಣ. ಕೆಮ್ಮಣ್ಣಿನ ಹೊಲಗಳಿಂದ ಕೊಚ್ಚಿಬಂದ ಕೆಸರು ಕೆಂಪು ಬೆಳಕನ್ನು ಹೆಚ್ಚಿಸುತ್ತದೆ. ಊರಿನ ಚರಂಡಿ ನೀರು ಸೇರಿ ಪಾಚಿ ಬೆಳೆದ ಕೆರೆಯು ಹಸಿರಿಗೆ ತಿರುಗಿ ಅವಗೆಂಪು ಬೆಳಕನ್ನೂ ಸ್ವಲ್ಪಮಟ್ಟಿಗೆ ಹಿಂದಿರುಗಿಸತೊಡಗುತ್ತದೆ. ಪಟ್ಟಣಗಳಿಗೆ ಹೊಂದಿದ ಕೆರೆಗಳಲ್ಲಿ ಈ ಲಕ್ಷಣವನ್ನು ಗಮನಿಸುವುದು ಅಗತ್ಯ. ಆದರೆ ಫ್ಲೋರೈಡಿನಂತಹ ಕರಗಿದ ಲವಣಗಳು ನೀರಿನ ಬಣ್ಣವನ್ನು ಬದಲಿಸುವುದಿಲ್ಲವಾದ್ದರಿಂದ ಅವು ಯಾವ ಚಿತ್ರದಲ್ಲಿಯೂ ಕಾಣಿಸವು. ಅದಕ್ಕೆ ಪ್ರಯೋಗಾಲಯವೇ ಬೇಕು.

ನಾಲ್ಕನೆಯದು, ಅಂಗಳದ ಒತ್ತುವರಿ ಮತ್ತು ಬಳ್ಳಾರಿ ಜಾಲಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳವಿವರ ನಕ್ಷೆಗಳಲ್ಲಿ ಶಿರಾ 57 ಸಿ, ಮಧುಗಿರಿ ಮತ್ತು ಕೊರಟಗೆರೆ 57 ಜಿ, ಪಾವಗಡ 57 ಎಫ್ ಹಾಳೆಗಳಲ್ಲಿ ಬರುತ್ತವೆ. ಈ ನಕ್ಷೆಗಳಲ್ಲಿನ ಕೆರೆಯ ಗಡಿಯನ್ನು ಇಂದಿನ ಚಿತ್ರದ ಮೇಲೆ ಹಾಸಿದರೆ, ಅಂದಿನ ಅಂಗಳದಲ್ಲಿ ಇಂದು ಹೊಲ, ರಸ್ತೆ, ಕಟ್ಟಡಗಳು ಎಲ್ಲಿ ಬಂದಿವೆ ಎಂಬುದು ತಿಳಿಯುತ್ತದೆ.

ತಲಪರಿಗೆ: ಚಿತ್ರಕ್ಕೆ ದಕ್ಕದ ಸೆಲೆ

ಒಂದು ಗುಂಟೆಯ ಚೌಕದಲ್ಲಿ ಕೆಲವೇ ಅಡಿ ಅಗಲದ ತಲಪರಿಗೆಯ ಗುಂಡಿ ಕಾಣಿಸದು. ಕಟ್ಟೆಯ ನೀರೂ ಸುತ್ತಲಿನ ಹುಲ್ಲು, ಮರದ ನೆರಳಿನೊಡನೆ ಬೆರೆತುಹೋಗುತ್ತದೆ. ಹಾಗಾದರೆ ಅದನ್ನು ಹುಡುಕುವುದು ಹೇಗೆ? ಸೆಲೆಯನ್ನು ಬಿಟ್ಟು ಸೆಲೆಯ ಪರಿಣಾಮವನ್ನು ಹುಡುಕಬೇಕು. ಸುತ್ತಲಿನ ಬಯಲು ಒಣಗಿದ ಮಾರ್ಚ್–ಏಪ್ರಿಲ್ ತಿಂಗಳುಗಳಲ್ಲಿ, ಕೆರೆಯ ಕೆಳಗೆ ಅಥವಾ ಹಳ್ಳದ ಪಕ್ಕದಲ್ಲಿ ಕಿರಿದಾದ ಹಸಿರು ಪಟ್ಟಿಯೊಂದು ವರ್ಷದಿಂದ ವರ್ಷಕ್ಕೆ ಅದೇ ಜಾಗದಲ್ಲಿ ಉಳಿದಿದ್ದರೆ, ಅಲ್ಲಿ ನೆಲದೊಳಗಿನ ನೀರು ಮೇಲಕ್ಕೆ ಬರುತ್ತಿರುವ ಸಾಧ್ಯತೆಯಿದೆ. ಅಂತಹ ಪಟ್ಟಿಯು ಮೊದಲು ಬೇಸಿಗೆಯಲ್ಲಿ ಮೊಟಕಾಗಿ, ಆಮೇಲೆ ಮಾಘದಲ್ಲಿಯೇ ಒಣಗತೊಡಗಿದರೆ, ಸೆಲೆ ಸೊರಗುತ್ತಿದೆ ಎಂಬ ಸೂಚನೆ.

ಆದರೆ ಇದು ಸೂಚನೆಯೇ ಹೊರತು ಸಾಕ್ಷ್ಯವಲ್ಲ. ಬೇಸಿಗೆಯ ಹಸಿರು ಕೊಳವೆಬಾವಿಯಿಂದ ಬೆಳೆದ ತೋಟದ್ದಾಗಿರಬಹುದು. ತೆಂಗು, ಅಡಿಕೆಯ ತೋಟಗಳು ಬೇಸಿಗೆಯಲ್ಲಿಯೂ ಒಂದೇ ಸಮನೆ ಹಸಿರಾಗಿ ಕಾಣುತ್ತವೆ. ಆಳಕ್ಕೆ ಬೇರಿಳಿಸುವ ಬಳ್ಳಾರಿ ಜಾಲಿಯು ಬತ್ತಿದ ಕೆರೆಯ ಅಂಗಳದಲ್ಲಿ ಏಪ್ರಿಲಿನಲ್ಲಿಯೂ ಹಸಿರಾಗಿರುತ್ತದೆ. ಸಸ್ಯ ಸೂಚ್ಯಂಕ ಏರಿತೆಂದು ಸಂತೋಷಪಡುವಂತಿಲ್ಲ. ಅದು ಕೆರೆ ಸತ್ತ ಮೇಲೆ ಬಂದ ಹಸಿರೂ ಆಗಿರಬಹುದು. ತಲಪರಿಗೆ ಎಲ್ಲಿತ್ತು, ಯಾವ ತಿಂಗಳವರೆಗೆ ಹರಿಯುತ್ತಿತ್ತು, ಯಾವ ಗದ್ದೆಗೆ ಮೊದಲ ಸರದಿ ಎಂಬುದನ್ನು ಹೇಳಬಲ್ಲವರು ಆ ಊರಿನ ಹಿರಿಯರು. ಅವರ ನೆನಪಿನಿಂದ ಸ್ಥಳವನ್ನು ಗುರುತಿಸಿ, ನಂತರ ಆ ಸ್ಥಳದ ನಲವತ್ತು ವರ್ಷಗಳ ಚಿತ್ರಗಳನ್ನು ನೋಡುವುದು ಸರಿಯಾದ ಕ್ರಮ. ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಚಿತ್ರಗಳು ಭಂಡಾರದಲ್ಲಿ ಉಳಿಯುತ್ತವೆ, ನೆನಪುಗಳು ಉಳಿಯುವುದಿಲ್ಲ.

ಹವಳದ ದಿಬ್ಬಗಳಿಂದ ದೊರೆಯುವ ಪಾಠ

ಇದೇ ಸಮಸ್ಯೆಯನ್ನು ಹವಳದ ದಿಬ್ಬಗಳ ಅಧ್ಯಯನಕಾರರೂ ಎದುರಿಸಿದ್ದಾರೆ. ನಮ್ಮ ರಾಜ್ಯದಲ್ಲಿಯೂ ಮುರುಡೇಶ್ವರದ ಸಮೀಪದ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಹವಳದ ಜೀವಿಯ ದೇಹದಲ್ಲಿ ವಾಸಿಸುವ ಸೂಕ್ಷ್ಮ ಪಾಚಿಯೇ ಅದಕ್ಕೆ ಬಣ್ಣ ಮತ್ತು ಆಹಾರ. ಸಮುದ್ರದ ನೀರು ವಾಡಿಕೆಯ ಅತಿಬಿಸಿ ತಿಂಗಳಿನ ಸರಾಸರಿಗಿಂತ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ ಹವಳವು ಆ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳವನ್ನು ಚಿತ್ರದಲ್ಲಿ ಗುರುತಿಸುವಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ಆದ್ದರಿಂದ ವಿಜ್ಞಾನಿಗಳು ಹವಳವನ್ನು ನೋಡುವುದಕ್ಕೆ ಮೊದಲು ಅದನ್ನು ಬಾಧಿಸುವ ಬಿಸಿಯನ್ನು ಉಪಗ್ರಹದಿಂದ ಅಳೆದು, ವಾರವಾರದ ಏರಿಕೆಯನ್ನು ಕೂಡಿಸುತ್ತ ಹೋಗಿ ಮುನ್ನೆಚ್ಚರಿಕೆ ನೀಡುತ್ತಾರೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಭಾರತದ ಹವಳದ ನೆಲೆಗಳಿಗೆ ಇಂತಹ ಸೂಚನೆಗಳನ್ನು ಪ್ರಕಟಿಸುತ್ತದೆ. ಜಗತ್ತಿನಾದ್ಯಂತ ನಾಲ್ಕನೆಯ ಬಾರಿಗೆ ಹವಳಗಳು ಸಾಮೂಹಿಕವಾಗಿ ಬಿಳಿಚುತ್ತಿರುವುದನ್ನು 2024ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು.

ಇದರಿಂದ ಎರಡು ಅಂಶಗಳನ್ನು ಗ್ರಹಿಸಬಹುದು. ರೋಗವು ಕಾಣಿಸಿಕೊಳ್ಳುವ ಮುನ್ನವೇ ಅದರ ಕಾರಣವನ್ನು ಅಳೆಯಬೇಕು ಎಂಬುದು ಒಂದು. ನಮ್ಮ ಕೆರೆಗಳ ಮಟ್ಟಿಗೆ ಆ ಕಾರಣಗಳೆಂದರೆ ಮೇಲ್ಭಾಗದ ಜಲಾನಯನದಲ್ಲಿ ಮಣ್ಣು ಕೊಚ್ಚಿಹೋಗುವುದು, ಹಳ್ಳ ಮುಚ್ಚುವುದು, ಅಚ್ಚುಕಟ್ಟಿನ ಕೆಳಗೆ ಬೇಸಿಗೆ ಬೆಳೆಯ ವಿಸ್ತಾರ ಹೆಚ್ಚುವುದು. ಇವು ಮೂರೂ ಚಿತ್ರಗಳಲ್ಲಿ ಕಾಣುತ್ತವೆ. ಇನ್ನೊಂದು, ನೀರಿಗೆ ಧುಮುಕಿ ಹವಳವನ್ನು ಕಣ್ಣಾರೆ ನೋಡಿ ಬಂದವರ ವರದಿಯಿಲ್ಲದೆ ಉಪಗ್ರಹದ ಎಚ್ಚರಿಕೆ ಪೂರ್ಣವಾಗುವುದಿಲ್ಲ. ಕೆರೆಯ ವಿಷಯದಲ್ಲಿ ಆ ಕೆಲಸವನ್ನು ಮಾಡಬೇಕಾದವನು ನೀರುಗಂಟಿ.

ತಪ್ಪು ಓದಿಗೆ ಎಡೆಮಾಡುವ ಸಂದರ್ಭಗಳು

ಇಲ್ಲಿನ ಭೂಸ್ವರೂಪವೇ ಕೆಲವು ತೊಡಕುಗಳನ್ನು ಒಡ್ಡುತ್ತದೆ. ಈ ಉಪಗ್ರಹಗಳು ಬೆಳಗಿನ ಹತ್ತು, ಹತ್ತೂವರೆ ಗಂಟೆಯ ಸುಮಾರಿಗೆ ಹಾದುಹೋಗುತ್ತವೆ. ಚಳಿಗಾಲದಲ್ಲಿ ಸೂರ್ಯನು ಆಗ್ನೇಯದಲ್ಲಿ ತಗ್ಗಾಗಿರುವುದರಿಂದ ಕಡಿದಾದ ಬೆಟ್ಟಗಳ ನೆರಳು ವಾಯವ್ಯದ ಕಡೆಗೆ ಬೀಳುತ್ತದೆ. ಬೆಳಕಿಲ್ಲದ ಆ ಕಪ್ಪು ಜಾಗವನ್ನು ಗಣಕಯಂತ್ರವು ನೀರೆಂದು ಎಣಿಸಬಹುದು. ಕೆರೆಗಳು ಬೆಟ್ಟದ ಬುಡದಲ್ಲಿಯೇ ಇರುವುದರಿಂದ ಈ ತಪ್ಪು ಸುಲಭವಾಗಿ ನುಸುಳುತ್ತದೆ.

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. 2018ರಲ್ಲಿ ಉದ್ಘಾಟನೆಗೊಂಡ ಅದು 2019ರ ಕೊನೆಗೆ ಪೂರ್ಣಗೊಂಡಿತು. ಅಲ್ಲಿನ ಗಾಢ ಬಣ್ಣದ ಫಲಕಗಳು ಬೆಳಕನ್ನು ಹೀರುವುದರಿಂದ ಅವನ್ನೂ ನೀರೆಂದು ವರ್ಗೀಕರಿಸುವ ಸಂಭವವುಂಟು. ಬರದ ನಾಡಿನ ನಕ್ಷೆಯಲ್ಲಿ ಸಾವಿರಾರು ಎಕರೆಯ ಸರೋವರ ಮೂಡಿದರೆ ಓದುಗನು ಎಚ್ಚರಗೊಳ್ಳಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನದು ಇದಕ್ಕೆ ವಿರುದ್ಧವಾದ ಕಥೆ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಈ ನೆಲವು ಬೇಸಿಗೆಯ ಚಿತ್ರದಲ್ಲಿ ಬರಡು ಭೂಮಿಯಂತೆ ಕಾಣಬಹುದು; ವಾಸ್ತವದಲ್ಲಿ ಅದು ಜೀವಂತ ಬಯಲು.

ಮೋಡವೂ ಒಂದು ಅಡ್ಡಿ. ಕೆರೆ ತುಂಬುವ ದಿನಗಳಲ್ಲಿಯೇ ಆಕಾಶವು ಮುಚ್ಚಿರುತ್ತದೆ. ಮೋಡವನ್ನು ಭೇದಿಸಿ ನೋಡಬಲ್ಲ ರೇಡಾರ್ ಉಪಗ್ರಹಗಳು ಇಲ್ಲಿ ನೆರವಿಗೆ ಬರುತ್ತವೆ. ಭಾರತವು 2012ರಲ್ಲಿ ರಿಸ್ಯಾಟ್-1 ಉಪಗ್ರಹವನ್ನು, 2025ರ ಜುಲೈ 30ರಂದು ಅಮೆರಿಕದ ಸಹಯೋಗದಲ್ಲಿ ನಿಸಾರ್ ಉಪಗ್ರಹವನ್ನು ಹಾರಿಸಿದ್ದು ಈ ಮಾರ್ಗದಲ್ಲಿ ಮುಖ್ಯ ಹೆಜ್ಜೆಗಳು.

ಕಾಲುವೆಯ ನೀರಿನ ಪ್ರಶ್ನೆಯೂ ಇದೆ. ಹೇಮಾವತಿಯ ನೀರು ಬಂದು ಶಿರಾ ಭಾಗದ ಕೆಲವು ಕೆರೆಗಳು ತುಂಬುತ್ತವೆ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ನೀರು ಹರಿಸುವ ವಿಷಯವು ಪ್ರಮುಖ ಚರ್ಚೆಯಾಗಿತ್ತು. ಹೀಗೆ ಹೊರಗಿನ ನೀರಿನಿಂದ ತುಂಬಿದ ಕೆರೆಯನ್ನು ಚಿತ್ರದಲ್ಲಿ ಕಂಡು, ಅದರ ಜಲಾನಯನ ಪ್ರದೇಶವು ಆರೋಗ್ಯವಾಗಿದೆಯೆಂದು ತೀರ್ಮಾನಿಸುವಂತಿಲ್ಲ. ನೀರು ಎಲ್ಲಿಂದ ಬಂತು ಎಂಬುದನ್ನು ಚಿತ್ರವು ಹೇಳುವುದಿಲ್ಲ.

ಬಳಕೆ ಮತ್ತು ಹೊಣೆಗಾರಿಕೆ

ರಾಜ್ಯದಲ್ಲಿ ಈ ಕಾರ್ಯಕ್ಕೆ ಬೇಕಾದ ಸಂಸ್ಥೆಗಳಿಗೆ ಕೊರತೆಯಿಲ್ಲ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು 1986ರಲ್ಲಿ ಸ್ಥಾಪನೆಯಾಯಿತು. 1988ರಲ್ಲಿ ಆರಂಭವಾದ ಬರ ಪರಿವೀಕ್ಷಣಾ ಕೋಶವು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. 2009ರಲ್ಲಿ ಇಸ್ರೊ ತೆರೆದ ಭುವನ್ ತಾಣದಲ್ಲಿ ಯಾರು ಬೇಕಾದರೂ ತಮ್ಮ ಊರಿನ ಚಿತ್ರವನ್ನು ನೋಡಬಹುದು. ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ 2002ರಿಂದ ನಡೆದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯಲ್ಲಿ ತುಮಕೂರು ಜಿಲ್ಲೆಯೂ ಸೇರಿತ್ತು. ಕೇಂದ್ರ ಜಲಶಕ್ತಿ ಸಚಿವಾಲಯವು 2023ರಲ್ಲಿ ಪ್ರಕಟಿಸಿದ ಮೊದಲ ಜಲಕಾಯಗಳ ಗಣತಿಯು ದೇಶದಲ್ಲಿ 24,24,540 ಜಲಕಾಯಗಳನ್ನು ಎಣಿಸಿದೆ.

ಎಣಿಕೆಯಲ್ಲಿ ಸೇರಿದ್ದಕ್ಕೆ ಅನುದಾನ ದೊರೆಯುತ್ತದೆ. ಸೇರದಿದ್ದದ್ದು ಕಾಗದದ ಮಟ್ಟಿಗೆ ಇಲ್ಲವೇ ಇಲ್ಲ. ಸಣ್ಣ ಕಟ್ಟೆ ಮತ್ತು ತಲಪರಿಗೆಗಳಿಗೆ ಇರುವ ದೊಡ್ಡ ಅಪಾಯ ಇದೇ. ಆದ್ದರಿಂದ ಗ್ರಾಮ ಪಂಚಾಯಿತಿಯೊಂದು ತನ್ನ ಎಲ್ಲೆಯೊಳಗಿನ ಕೆರೆ, ಕಟ್ಟೆ, ತಲಪರಿಗೆಗಳ ಪಟ್ಟಿಯನ್ನು ಊರಿನವರ ನೆರವಿನಿಂದ ಸಿದ್ಧಪಡಿಸಿ, ಪ್ರತಿಯೊಂದರ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿ, ವರ್ಷಕ್ಕೆ ಮೂರು ಬಾರಿ, ಎಂದರೆ ಮಳೆ ನಿಂತ ಡಿಸೆಂಬರ್, ಬೇಸಿಗೆಯ ಮೊದಲ ಮಾರ್ಚ್, ಕೊನೆಯ ಮೇ ತಿಂಗಳುಗಳಲ್ಲಿ ಚಿತ್ರದೊಡನೆ ತಾಳೆನೋಡಿದರೆ, ಕೆಲವೇ ವರ್ಷಗಳಲ್ಲಿ ನಂಬಲರ್ಹವಾದ ದಾಖಲೆ ಸಿದ್ಧವಾಗುತ್ತದೆ. ದೊಡ್ಡ ಪ್ರೌಢಶಾಲೆಯ ವಿದ್ಯಾರ್ಥಿಗಳೂ ಈ ಕೆಲಸವನ್ನು ಮಾಡಬಲ್ಲರು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕೆರೆಯ ಹರವು, ನೀರು ನಿಲ್ಲುವ ಅವಧಿ, ಒತ್ತುವರಿ ಇವುಗಳನ್ನು ಉಪಗ್ರಹ ಚಿತ್ರಗಳು ನೇರವಾಗಿ ತಿಳಿಸುತ್ತವೆ. ಹೂಳು ಮತ್ತು ನೀರಿನ ಗುಣವನ್ನು ನೆಲದ ಅಳತೆಯ ಜೊತೆಗೂಡಿ ಮಾತ್ರ ತಿಳಿಸಬಲ್ಲವು. ತಲಪರಿಗೆಯನ್ನು ಅವು ತೋರಿಸುವುದಿಲ್ಲ. ಅದರ ಹಸಿರಿನ ನೆರಳನ್ನಷ್ಟೇ ತೋರಿಸುತ್ತವೆ. ದಿನಾಂಕ ಸಹಿತವಾದ ಚಿತ್ರಕ್ಕೆ ಪಕ್ಷಪಾತವಿಲ್ಲ ಎಂಬುದು ನಿಜ. ಆದರೆ ಯಾವ ಜಾಗದ ಚಿತ್ರವನ್ನು ನೋಡಬೇಕು ಎಂದು ಆರಿಸುವವರು ಮನುಷ್ಯರೇ. ಆ ಆಯ್ಕೆಯಲ್ಲಿ ಕೆರೆಯ ಕೆಳಗಿನ ಗದ್ದೆಯ ರೈತನಿಗೂ, ಸೆಲೆಯ ನೆಲೆ ಬಲ್ಲ ಹಿರಿಯರಿಗೂ ಪಾಲು ದೊರೆತಾಗ ಮಾತ್ರ ಈ ನಾಲ್ಕು ತಾಲ್ಲೂಕುಗಳ ನೀರಿನ ನಕ್ಷೆ ಪೂರ್ಣವಾಗುತ್ತದೆ.